ಸಿಂಕ್ ಆಗಿದೆ ಎಂಬ ಸುಳ್ಳು ಧೈರ್ಯ

ಕಾದಂಬರಿ ಎಲ್ಲಿಯವರೆಗೆ ಬಂತು ಎಂದು ಕೇಳಿದರೆ ಲೇಖಕರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅದರ ಪ್ರತಿ ಎಲ್ಲಿಟ್ಟಿದ್ದೀರಿ ಎಂದು ಕೇಳಿದರೆ ಮಾತ್ರ ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ: "ಡ್ರೈವ್‌ನಲ್ಲಿದೆ, ಏನೂ ಆಗಲ್ಲ ಬಿಡಿ." ಪಿಎಚ್.ಡಿ. ಪ್ರಬಂಧಕ್ಕೆ ಐದಾರು ವರ್ಷ ಸುರಿದವರು, ವಾರವಾರ ಅಂಕಣ ಬರೆಯುವವರು, ಅನುವಾದಕರು, ಊರಿನ ಇತಿಹಾಸ ಬರೆಯಲು ಕೂತ ನಿವೃತ್ತ ಮೇಷ್ಟರು, ಎಲ್ಲರೂ ಇದೇ ಧೈರ್ಯದ ಮೇಲೆ ನಿಶ್ಚಿಂತೆಯಿಂದ ಇದ್ದಾರೆ. ಕಂಪ್ಯೂಟರ್ ಅಂಗಡಿಯವರೂ ಅದನ್ನೇ ಹೇಳಿಕೊಡುತ್ತಾರೆ. ಹೊಸ ಲ್ಯಾಪ್‌ಟಾಪ್ ಕೊಂಡರೆ ಲಾಗಿನ್ ಆದರೆ ಸಾಕು, ಹಳೆಯದರಲ್ಲಿದ್ದದ್ದೆಲ್ಲ ತಾನಾಗಿ ಬಂದು ಕೂರುತ್ತದೆ ಎನ್ನುತ್ತಾರೆ. ಈ ಧೈರ್ಯಕ್ಕೆ ಆಧಾರ ತೀರ ಕಡಿಮೆ. ಕ್ಲೌಡ್‌ನಲ್ಲಿ ಸಿಂಕ್ ಆಗುತ್ತಿರುವ ಫೈಲಿಗೆ ಬ್ಯಾಕಪ್ ಇದೆ ಎಂದು ನಂಬುವುದು ಇಂದು ಬರೆಯುವವರ ನಡುವೆ ಹಬ್ಬಿರುವ ಅತ್ಯಂತ ಅಪಾಯಕಾರಿ ತಪ್ಪುಕಲ್ಪನೆ.

ಈ ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿಲ್ಲದೇ ಇಲ್ಲ. ಫ್ಲಾಪಿ ಓದದೆ ಹೋದದ್ದು, ಸಿ.ಡಿ. ಗೀಚಿ ಹಾಳಾದದ್ದು, ಡಿಟಿಪಿ ಸೆಂಟರಿಗೆ ಹೋಗಿ ಬಂದ ಪೆನ್‌ಡ್ರೈವ್ ವೈರಸ್ ಹತ್ತಿಸಿಕೊಂಡು ಬಂದದ್ದು, ಇವೆಲ್ಲ ಕನ್ನಡದಲ್ಲಿ ಕಂಪ್ಯೂಟರ್ ಹಿಡಿದ ಮೊದಲ ತಲೆಮಾರಿನ ಲೇಖಕರು ಉಂಡ ಕಷ್ಟಗಳು. ಆ ಕಷ್ಟದಿಂದ ಕ್ಲೌಡ್ ಬಿಡಿಸಿದೆ. ಹಾರ್ಡ್ ಡಿಸ್ಕ್ ಒಂದು ಬೆಳಿಗ್ಗೆ ಸುಮ್ಮನೆ ಸತ್ತರೆ ಈಗ ಎಲ್ಲವೂ ಮುಳುಗುವುದಿಲ್ಲ. ಅಷ್ಟು ಮಾತು ನಿಜ. ಆದರೆ ಒಂದು ಅಪಾಯದಿಂದ ಕಾಪಾಡಿದ ವ್ಯವಸ್ಥೆ ಎಲ್ಲ ಅಪಾಯದಿಂದಲೂ ಕಾಪಾಡುತ್ತದೆಂದು ನಂಬಿದ್ದರಿಂದಲೇ ಉಳಿದ ಎಲ್ಲ ಎಚ್ಚರಿಕೆಗಳೂ ಒಂದೊಂದಾಗಿ ಕಳಚಿಬಿದ್ದವು.

ಇದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ದಕ್ಷಿಣ ಕೊರಿಯಾ ತೋರಿಸಿಕೊಟ್ಟಿದೆ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ 'ಜಿ-ಡ್ರೈವ್' ಎಂಬ ಸರ್ಕಾರಿ ಕ್ಲೌಡ್ ಸುಟ್ಟುಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್. ಗಾತ್ರ ವಿಪರೀತ ದೊಡ್ಡದು ಎಂಬ ಕಾರಣಕ್ಕೆ ಅದಕ್ಕೆ ಹೊರಗೆ ಇನ್ನೊಂದು ಪ್ರತಿಯೇ ಇರಲಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಡಿ, ಜಿ-ಡ್ರೈವ್‌ನಲ್ಲೇ ಇಡಿ ಎಂಬ ಸೂಚನೆಯನ್ನು ಚಾಚೂತಪ್ಪದೆ ಪಾಲಿಸಿದ ಇಲಾಖೆಗಳಿಗೇ ಹೆಚ್ಚಿನ ಪೆಟ್ಟು ಬಿತ್ತು. ಮಾತು ಕೇಳದೆ ತಮ್ಮ ಯಂತ್ರದಲ್ಲೂ ಒಂದು ಪ್ರತಿ ಇಟ್ಟುಕೊಂಡಿದ್ದವರ ಕೆಲಸ ಉಳಿಯಿತು. ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದಿರುವ ದೇಶವೊಂದರ ಸರ್ಕಾರದ ಕಥೆ ಇದು.

"ಅದು ಸರ್ಕಾರದ್ದು, ನಮ್ಮದು ಗೂಗಲ್" ಎನ್ನುವವರು ಇದ್ದಾರೆ. ಗೂಗಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ಒಂದೇ ಫೈಲನ್ನು ಹಲವು ಯಂತ್ರಗಳಲ್ಲಿ ಇಡುತ್ತವೆ, ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೆ ಫೈಲು ಹೋಗದಂತೆ ನೋಡಿಕೊಳ್ಳುತ್ತವೆ. ಇದನ್ನು ಒಪ್ಪಲೇಬೇಕು. ಆದರೆ ಲೇಖಕರ ಹಸ್ತಪ್ರತಿ ಹಾಳಾಗುವುದು ಬೆಂಕಿಯಿಂದಲ್ಲ, ಬಹುಮಟ್ಟಿಗೆ ಅವರ ಕೈಯಿಂದಲೇ. ರಾತ್ರಿ ಹನ್ನೊಂದಕ್ಕೆ ಕಣ್ಣು ಎಳೆಯುತ್ತಿರುವಾಗ ಮೂರನೆಯ ಅಧ್ಯಾಯ ತೆರೆದು, ಅದನ್ನು ಪೂರ್ತಿ ಸೆಲೆಕ್ಟ್ ಮಾಡಿ, ಏಳನೆಯ ಅಧ್ಯಾಯವನ್ನು ಅದರ ಮೇಲೆ ಪೇಸ್ಟ್ ಮಾಡಿ ಸೇವ್ ಒತ್ತಿದರೆ ಏನಾಗುತ್ತದೆ? ಕ್ಲೌಡ್ ಆ ತಪ್ಪನ್ನು ಕೆಲವೇ ಸೆಕೆಂಡುಗಳಲ್ಲಿ ನಿಷ್ಠೆಯಿಂದ ಎಲ್ಲ ಕಡೆಗೂ ಸಾಗಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ ಫೋಲ್ಡರು ಫೋನಿನಲ್ಲೂ ಅಳಿಯುತ್ತದೆ, ಕಚೇರಿಯ ಕಂಪ್ಯೂಟರಿನಲ್ಲೂ ಅಳಿಯುತ್ತದೆ. ಎಲ್ಲ ಕಡೆಯೂ ಒಂದೇ ಇರಬೇಕು ಎಂಬುದೇ ಸಿಂಕ್ ಮಾಡಬೇಕಾದ ಕೆಲಸ. ಬ್ಯಾಕಪ್ಪಿನ ಕೆಲಸ ಇದಕ್ಕೆ ತದ್ವಿರುದ್ಧ: ಇಂದಿನ ತಪ್ಪು ನಿನ್ನೆಯ ಪ್ರತಿಯನ್ನು ಮುಟ್ಟದಂತೆ ತಡೆಯುವುದು.

ರ‍್ಯಾನ್ಸಮ್‌ವೇರ್ ಹೊಕ್ಕರೂ ಇದೇ ಗತಿ. ಕಳ್ಳ ಸಾಫ್ಟ್‌ವೇರ್ ಇಳಿಸಿಕೊಂಡ ಯಂತ್ರಕ್ಕೆ ಅದು ನುಗ್ಗಿ ಫೈಲುಗಳಿಗೆಲ್ಲ ಬೀಗ ಜಡಿದಾಗ, ಬೀಗ ಬಿದ್ದ ಆ ಫೈಲುಗಳೇ ಹೊಸ ಆವೃತ್ತಿಗಳೆಂದು ಕ್ಲೌಡಿಗೆ ಏರುತ್ತವೆ.

ಇಲ್ಲಿ ಸಿಂಕ್ ಪರ ವಾದಿಸುವವರು ಹಳೆಯ ಆವೃತ್ತಿಗಳ ಸೌಲಭ್ಯವನ್ನು ಮುಂದಿಡುತ್ತಾರೆ. ಟ್ರ್ಯಾಶ್‌ನಲ್ಲಿ ಇರುತ್ತದಲ್ಲ, ವರ್ಷನ್ ಹಿಸ್ಟರಿ ಇದೆಯಲ್ಲ ಎನ್ನುತ್ತಾರೆ. ಇದೆ. ಎಷ್ಟು ದಿನ? ಗೂಗಲ್ ಡ್ರೈವ್‌ನ ಟ್ರ್ಯಾಶ್‌ಗೆ ಹೋದ ಫೈಲು 30 ದಿನಗಳ ನಂತರ ತಾನಾಗಿ ಅಳಿಯುತ್ತದೆ. ಅಲ್ಲಿಟ್ಟ ವರ್ಡ್ ಫೈಲಿನ ಹಳೆಯ ಆವೃತ್ತಿಗಳೂ, ಅವನ್ನು ಬೇಕೆಂದೇ ಉಳಿಸಿಕೊಳ್ಳದಿದ್ದರೆ, 30 ದಿನ ಕಳೆದ ಮೇಲೆ ಅಥವಾ 100 ಆವೃತ್ತಿ ದಾಟಿದ ಮೇಲೆ ಹೋಗಬಹುದು. ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯಲ್ಲಿ ರೀಸೈಕಲ್ ಬಿನ್ ಅವಧಿ 30 ದಿನ. ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲೂ 30 ದಿನ. ಈ ಲೆಕ್ಕ ಕಚೇರಿಯ ಕೆಲಸಕ್ಕೆ ಹೊಂದುತ್ತದೆ. ಸೋಮವಾರ ಕಳೆದ ಪತ್ರ ಗುರುವಾರದೊಳಗೆ ಬೇಕೇಬೇಕಾಗುತ್ತದೆ, ಕಳೆದದ್ದು ಕೂಡಲೇ ತಿಳಿಯುತ್ತದೆ.

ಬರವಣಿಗೆಯ ಕಾಲವೇ ಬೇರೆ. ಕಾದಂಬರಿಕಾರರು ಮೊದಲ ನಾಲ್ಕು ಅಧ್ಯಾಯ ಮುಗಿಸಿ ಪಕ್ಕಕ್ಕಿಟ್ಟರೆ ಅದನ್ನು ಮತ್ತೆ ತೆರೆಯುವುದು ಪೂರ್ತಿ ಕರಡು ಮುಗಿದ ಮೇಲೆ, ಆರು ತಿಂಗಳಿಗೋ ವರ್ಷಕ್ಕೋ. ಸಂಶೋಧನೆ ಮಾಡುವವರು ಕ್ಷೇತ್ರಕಾರ್ಯದ ಟಿಪ್ಪಣಿಯನ್ನು ಮೊದಲ ವರ್ಷ ಬರೆದಿಟ್ಟು ನಾಲ್ಕನೆಯ ವರ್ಷ ಹುಡುಕುತ್ತಾರೆ. ಮೂರನೆಯ ಅಧ್ಯಾಯದ ಜಾಗದಲ್ಲಿ ಏಳನೆಯದು ಕೂತಿದೆ ಎಂಬುದು ಗೊತ್ತಾಗುವ ಹೊತ್ತಿಗೆ 30 ದಿನ ಎಂದೋ ಕಳೆದಿರುತ್ತದೆ. ಕಳೆದುಕೊಂಡದ್ದೇ ತಿಳಿಯದೆ ಕಳೆದುಕೊಳ್ಳುವುದು ಬರಹಗಾರರಿಗೆ ಬರುವ ಕಷ್ಟಗಳಲ್ಲಿ ಅತ್ಯಂತ ಕ್ರೂರವಾದದ್ದು, ಮತ್ತು ಸಿಂಕ್ ವ್ಯವಸ್ಥೆ ಅದಕ್ಕೆ ಯಾವ ಪರಿಹಾರವನ್ನೂ ಕೊಡುವುದಿಲ್ಲ. ಅಂಗಡಿಗೆ ಒಯ್ದು ರಿಕವರಿ ಮಾಡಿಸೋಣವೆಂದರೆ ಅದೂ ಮೊದಲಿನಂತಿಲ್ಲ. ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ಅಳಿಸಿದ್ದರ ಗುರುತು ಬಹಳ ಕಾಲ ಉಳಿಯುತ್ತಿತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ಏರ್ಪಾಡು ಅಳಿಸಿದ ಜಾಗವನ್ನು ಬೇಗನೆ ಖಾಲಿ ಮಾಡಿಬಿಡುತ್ತದೆ, ಪರಿಣತರಿಗೂ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ದೊಡ್ಡ ಕಂಪನಿಗಳ ವ್ಯವಸ್ಥೆಯೂ ಮುಗ್ಗರಿಸಿದೆ. 2017ರ ಅಕ್ಟೋಬರ್ 31ರಂದು ಗೂಗಲ್ ಡಾಕ್ಸ್‌ನಲ್ಲಿ ಅನೇಕರ ಬರಹಗಳು ಇದ್ದಕ್ಕಿದ್ದಂತೆ ತೆರೆಯದಾದವು. ನಿಯಮ ಮೀರಿದ್ದೀರಿ ಎಂಬ ಸೂಚನೆ ಕಾಣಿಸಿಕೊಂಡಿತು. ಅವರು ಯಾವ ನಿಯಮವನ್ನೂ ಮೀರಿರಲಿಲ್ಲ, ತಪ್ಪು ಸಾಫ್ಟ್‌ವೇರಿನದಾಗಿತ್ತು, ಸರಿಪಡಿಸಲಾಯಿತು. 2023ರ ನವೆಂಬರಿನಲ್ಲಿ ಡ್ರೈವ್ ಬಳಸುವ ಕೆಲವರಿಗೆ ತಿಂಗಳುಗಟ್ಟಲೆಯ ಫೈಲುಗಳು ಕಾಣೆಯಾದವು. ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಡ್ರೈವ್ ಆ್ಯಪ್‌ನ 84ನೆಯ ಆವೃತ್ತಿಯ ಸಿಂಕ್ ದೋಷ ಅದಕ್ಕೆ ಕಾರಣವೆಂದು ಗೂಗಲ್ ಹೇಳಿತು. ಎರಡೂ ಸಲ ತೊಂದರೆಗೆ ಸಿಕ್ಕಿದವರು ಬಳಕೆದಾರರಲ್ಲಿ ಸಣ್ಣ ಪಾಲು. ಆ ಸಣ್ಣ ಪಾಲಿನಲ್ಲಿ ಮರುದಿನ ಬೆಳಿಗ್ಗೆ ಸಂಪಾದಕರಿಗೆ ಲೇಖನ ಕಳಿಸಬೇಕಾದವರೂ ಇದ್ದರು ಎಂಬುದನ್ನು ಅಂಕಿಅಂಶ ಹೇಳುವುದಿಲ್ಲ.

ಇನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುವ ವಿಷಯ. ಅವಾಂತರ ಹೆಚ್ಚಾಗಿ ನಡೆಯುವುದು ಇಲ್ಲೇ, "ಲಾಗಿನ್ ಆದರೆ ಎಲ್ಲ ಬರುತ್ತದೆ" ಎಂಬ ಮಾತು ಹೆಚ್ಚು ಕೆಡುಕು ಮಾಡುವುದೂ ಇಲ್ಲೇ. 2019ರಲ್ಲಿ ಮೈಸ್ಪೇಸ್ ಕಂಪನಿ ತನ್ನ ಸರ್ವರ್‌ಗಳನ್ನು ಸ್ಥಳಾಂತರಿಸುವಾಗ 2003ರಿಂದ 2015ರವರೆಗೆ ಜನ ಏರಿಸಿದ್ದ ಹಾಡುಗಳನ್ನು ಕಳೆದುಕೊಂಡದ್ದಾಗಿ ಒಪ್ಪಿಕೊಂಡಿತು. ಕಳೆದುಹೋದವು ಐದು ಕೋಟಿಗೂ ಹೆಚ್ಚು ಎಂದು ಆಗ ವರದಿಯಾಯಿತು. ತಮ್ಮ ಹಾಡಿನ ಮೂಲಪ್ರತಿ ಬೇರೆಲ್ಲೂ ಇಟ್ಟುಕೊಳ್ಳದ ಎಷ್ಟೋ ಸಣ್ಣ ಸಂಗೀತಗಾರರಿಗೆ ಅಲ್ಲಿಗೆ ಮುಗಿಯಿತು. ಇಡೀ ಕಂಪನಿ ಮಾಡಿದ್ದನ್ನೇ ಮನೆಯೊಳಗೆ ಒಬ್ಬೊಬ್ಬರು ಲ್ಯಾಪ್‌ಟಾಪ್ ಬದಲಿಸುವಾಗ ಮಾಡುತ್ತಾರೆ.

ಗೂಗಲ್ ಡಾಕ್ಸ್‌ನಲ್ಲಿ ಬರೆಯುವವರ ಕಂಪ್ಯೂಟರನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಡ್ರೈವ್ ಫೋಲ್ಡರ್ ತೆರೆದರೆ ಅಧ್ಯಾಯಗಳೆಲ್ಲ ಸಾಲಾಗಿ ಕಾಣುತ್ತವೆ, ಹೆಸರಿನ ಕೊನೆಗೆ 'ಜಿಡಾಕ್' ಎಂದಿರುತ್ತದೆ. ಅವನ್ನೆಲ್ಲ ಆರಿಸಿ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಅಷ್ಟು ಬೇಗ ಮುಗಿದದ್ದೇ ಅನುಮಾನಕ್ಕೆ ಕಾರಣವಾಗಬೇಕು. ಒಂದೊಂದು ಫೈಲಿನ ಗಾತ್ರ ಒಂದು ಕೆ.ಬಿ. ಆಸುಪಾಸು. ಅದರೊಳಗೆ ಅಧ್ಯಾಯವಿಲ್ಲ, ಒಂದು ಸಾಲು ಬರಹವೂ ಇಲ್ಲ. ಬರಹ ಅಂತರ್ಜಾಲದಲ್ಲಿ ಎಲ್ಲಿದೆ ಎಂಬ ವಿಳಾಸ ಮಾತ್ರ ಇದೆ. ಖಾತೆ ಕೈತಪ್ಪಿದ ದಿನ ಆ ಪೆನ್‌ಡ್ರೈವ್‌ನಿಂದ ಏನೂ ಸಿಗುವುದಿಲ್ಲ. ಪ್ರತಿ ಬೇಕಾದರೆ ಒಂದೊಂದನ್ನೂ ಡಾಕ್ಸ್‌ನೊಳಗೆ ತೆರೆದು ವರ್ಡ್ ರೂಪದಲ್ಲಿ ಡೌನ್‌ಲೋಡ್ ಮಾಡಬೇಕು, ಇಲ್ಲವೇ 'ಗೂಗಲ್ ಟೇಕ್‌ಔಟ್' ಮೂಲಕ ಒಟ್ಟಿಗೆ ಇಳಿಸಿಕೊಳ್ಳಬೇಕು. ಬಳಸುವವರಲ್ಲಿ ಎಷ್ಟು ಜನ ಒಮ್ಮೆಯಾದರೂ ಇದನ್ನು ಮಾಡಿದ್ದಾರೆ?

ವಿಂಡೋಸ್‌ನಲ್ಲಿ ಸಮಸ್ಯೆ ಇನ್ನೊಂದು ರೂಪದಲ್ಲಿದೆ. ಹೊಸ ಲ್ಯಾಪ್‌ಟಾಪ್ ಸಿದ್ಧಪಡಿಸುವಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳ 'ಬ್ಯಾಕಪ್' ಮಾಡೋಣವೇ ಎಂದು ಅದು ಕೇಳುತ್ತದೆ. ಒಪ್ಪಿದರೆ ಆ ಫೋಲ್ಡರುಗಳೇ ಒನ್‌ಡ್ರೈವ್‌ನೊಳಕ್ಕೆ ಹೋಗಿ ಸೇರುತ್ತವೆ. ಆಮೇಲೆ ಆನ್‌ಲೈನ್‌ನಲ್ಲಿ ಜಾಗ ಸಾಲದೆಂದು ಅಲ್ಲಿ ಅಳಿಸಿದರೆ ಕಂಪ್ಯೂಟರಿನಲ್ಲೂ ಅಳಿಯುತ್ತದೆ. ಪಕ್ಕದಲ್ಲಿ ಮೋಡದ ಚಿತ್ರವಿರುವ ಫೈಲುಗಳಂತೂ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ, ತೆರೆದಾಗಷ್ಟೇ ಇಳಿದು ಬರುತ್ತವೆ. ತಮ್ಮ ಯಂತ್ರದಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು, ಒಟ್ಟು ಎರಡು ಪ್ರತಿ ಇವೆ ಎಂದುಕೊಂಡವರ ಬಳಿ ನಿಜವಾಗಿ ಇರುವುದು ಒಂದೇ.

ದೊಡ್ಡ ಕೃತಿಗಳನ್ನು ಬರೆಯುವವರು ಈಗೀಗ ಸ್ಕ್ರೀವನರ್‌ನಂಥ ಸಾಫ್ಟ್‌ವೇರ್ ಹಿಡಿಯುತ್ತಿದ್ದಾರೆ. ಅಧ್ಯಾಯ, ದೃಶ್ಯ, ಟಿಪ್ಪಣಿ, ಆಕರ ಎಲ್ಲವನ್ನೂ ಒಂದೇ ಕಡೆ ಜೋಡಿಸಿಕೊಡುವ ಒಳ್ಳೆಯ ಸಾಧನ ಅದು. ಮ್ಯಾಕ್‌ನಲ್ಲಿ ಅದರ ಪ್ರಾಜೆಕ್ಟು ಒಂದೇ ಫೈಲಿನಂತೆ ಕಾಣುತ್ತದೆ, ವಿಂಡೋಸ್‌ನಲ್ಲಿ ಫೋಲ್ಡರಿನಂತೆ. ಒಳಗೆ ಇರುವುದು ನೂರಾರು ಚಿಕ್ಕ ಫೈಲುಗಳು, ಮತ್ತು ಯಾವುದು ಯಾವ ಕ್ರಮದಲ್ಲಿ ಬರಬೇಕು ಎಂದು ಹೇಳುವ ಒಂದು ಮುಖ್ಯ ಫೈಲು. ಮನೆಯ ಕಂಪ್ಯೂಟರಿನಲ್ಲಿ ಬರೆದು, ಸಿಂಕ್ ಮುಗಿಯುವ ಮೊದಲೇ ಮುಚ್ಚಿ, ಬಸ್ಸು ಹಿಡಿದು ಕಾಲೇಜಿಗೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದರೆ ಅರ್ಧ ಫೈಲುಗಳು ಹೊಸವು, ಅರ್ಧ ಹಳೆಯವು. ಮುಖ್ಯ ಫೈಲು ಒಂದು ಹೇಳುತ್ತದೆ, ಒಳಗಿರುವುದು ಇನ್ನೊಂದು. ಒಂದೇ ಪ್ರಾಜೆಕ್ಟನ್ನು ಎರಡು ಕಡೆ ಒಟ್ಟಿಗೆ ತೆರೆಯಬೇಡಿ, ಸಿಂಕ್ ಪೂರ್ತಿ ಮುಗಿಯುವವರೆಗೆ ಕಾಯಿರಿ, ನಡೆಯುತ್ತಿರುವ ಪ್ರಾಜೆಕ್ಟನ್ನು ಗೂಗಲ್ ಡ್ರೈವ್‌ನಲ್ಲಿ ಇಡಬೇಡಿ ಎಂದು ಅದನ್ನು ತಯಾರಿಸಿದವರೇ ಹೇಳುತ್ತ ಬಂದಿದ್ದಾರೆ. ಅವರು ಇನ್ನೂ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ: ಪ್ರಾಜೆಕ್ಟು ಮುಚ್ಚಿದಾಗಲೆಲ್ಲ ತಾನಾಗಿ ಒಂದು ಬ್ಯಾಕಪ್ ಆಗುತ್ತದೆ. ಆದರೆ ಜಾಗ ಬದಲಿಸದಿದ್ದರೆ ಅದು ಉಳಿಯುವುದು ಅದೇ ಕಂಪ್ಯೂಟರಿನ ಡಿಸ್ಕ್‌ನಲ್ಲಿ. ಜೊತೆಗೆ ಇತ್ತೀಚಿನ ಕೆಲವನ್ನು ಮಾತ್ರ ಇಟ್ಟುಕೊಂಡು ಹಳೆಯದನ್ನು ಅದು ಅಳಿಸುತ್ತ ಹೋಗುತ್ತದೆ. ಅಧ್ಯಾಯ ಕಾಣಲಿಲ್ಲವೆಂದು ಗಾಬರಿಯಿಂದ ಪ್ರಾಜೆಕ್ಟನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದರೆ ಕೆಟ್ಟ ಪ್ರತಿಗಳೇ ಸಾಲು ತುಂಬಿ ಒಳ್ಳೆಯ ಪ್ರತಿ ಹೊರಬೀಳುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇಷ್ಟರ ಮೇಲೆ ಇನ್ನೊಂದು ಹೊರೆ ಇದೆ. ಇಂಗ್ಲಿಷಿನಲ್ಲಿ ಫೈಲು ಬಂದರೆ ಬರಹವೂ ಬಂತು. ಕನ್ನಡದಲ್ಲಿ ಫೈಲು ಬಂದರೂ ಬರಹ ಬರದೇ ಇರಬಹುದು. 1998ರಲ್ಲಿ 'ಬರಹ' ಬಂತು, ಸ್ವಲ್ಪ ಕಾಲದಲ್ಲೇ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕನ್ನಡಕ್ಕೆ ಇವೆರಡೂ ಮಾಡಿದ ಉಪಕಾರ ದೊಡ್ಡದು. ಆದರೆ ಆ ಕಾಲದ ಬಹುಪಾಲು ಬರಹ ಆಸ್ಕಿ ಫಾಂಟುಗಳಲ್ಲಿದೆ. ಅಂಥ ಫೈಲಿನಲ್ಲಿ ದಾಖಲಾಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. 'ನುಡಿ 01 ಇ' ಥರದ ಫಾಂಟು ಅದರ ಮೇಲೆ ಕನ್ನಡದ ರೂಪ ತೊಡಿಸುತ್ತದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟು ಇಲ್ಲದಿದ್ದರೆ ಹದಿನೈದು ವರ್ಷ ಹಿಂದಿನ ಕಥೆಯ ಫೈಲು ತೆರೆದಾಗ ಕಾಣುವುದು ತಲೆಯ ಮೇಲೆ ಗೆರೆ, ಚುಕ್ಕಿ, ಬಾಲ ಹೊತ್ತ ಯುರೋಪಿನ ಅಕ್ಷರಗಳ ರಾಶಿ. ಲಾಗಿನ್ ಆದರೂ ಫಾಂಟು ಬರುವುದಿಲ್ಲ. ಮನೆಯವರು ಇದನ್ನು ಕಂಡು ಫೈಲು ಕೆಟ್ಟಿದೆ ಎಂದು ಅಳಿಸಿಬಿಟ್ಟರೆ ಅವರನ್ನು ದೂರುವಂತಿಲ್ಲ.

ಇದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಉಚಿತವಾಗಿಯೂ ಸಿಗುತ್ತವೆ. ಅವೂ ಎಚ್ಚರ ಬೇಡುತ್ತವೆ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡ ಸಂಕೇತವೆಂದೇ ಓದಿ ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತವೆ. ಅರ್ಕಾವತ್ತು ಜಾಗ ತಪ್ಪುತ್ತದೆ. ನುಡಿಗೆ ಮಾಡಿದ ಪರಿವರ್ತಕ ಶ್ರೀಲಿಪಿಯಂಥ ಬೇರೆ ಕನ್ನಡ ಸಾಫ್ಟ್‌ವೇರಿನ ಫೈಲಿಗೆ ನಡೆಯುವುದಿಲ್ಲ. ಆದ್ದರಿಂದ ಮೂಲ ಫೈಲನ್ನು ಹಾಗೇ ಇಟ್ಟುಕೊಂಡು, ಫಾಂಟಿನ ಫೈಲನ್ನೂ ಅದೇ ಫೋಲ್ಡರಿನಲ್ಲಿ ಹಾಕಿ, ಕನ್ನಡದ ರೂಪ ಕಾಣುವಂತೆ ಒಂದು ಪಿಡಿಎಫ್ ಮಾಡಿ, ಯುನಿಕೋಡ್ ಪ್ರತಿಯನ್ನು ಬೇರೆಯಾಗಿ ಉಳಿಸಬೇಕು. 1991ರಲ್ಲಿ ಯುನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಇಂದಿಗೂ ಆಸ್ಕಿಯಲ್ಲೇ ಹೊಸ ಪುಸ್ತಕ ಬರೆಯುತ್ತಿರುವವರು ತಮ್ಮ ಕೃತಿಗೆ ತಾವೇ ಆಯುಷ್ಯದ ಮಿತಿ ಹಾಕುತ್ತಿದ್ದಾರೆ.

ಈ ವಾದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಒಂದಿದೆ: ಬರೆಯುವವರು ಬರೆಯಬೇಕು, ಈ ತಾಂತ್ರಿಕ ರಗಳೆ ಅವರಿಗೇಕೆ? ಪ್ರತಿ ಕಾಯುವುದು ಸಾಹಿತ್ಯಕ್ಕೆ ಹೊರಗಿನ ಕೆಲಸ ಎಂಬ ಭಾವನೆ ಈ ಮಾತಿನ ಹಿಂದಿದೆ. ಕನ್ನಡ ಸಾಹಿತ್ಯದ ಚರಿತ್ರೆ ಇದನ್ನು ಸಾರಾಸಗಟಾಗಿ ಅಲ್ಲಗಳೆಯುತ್ತದೆ. ಹತ್ತನೆಯ ಶತಮಾನದ ಕೊನೆಗೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನ ಬರೆದ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ. ರನ್ನನ ಅಜಿತಪುರಾಣ, ಗದಾಯುದ್ಧ ಉಳಿದವು, ಪರಶುರಾಮಚರಿತ ಹೋಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಹೆಸರು ಹಿಡಿದು ಹೇಳುವ ಗದ್ಯಕಾರರ ಒಂದು ಕೃತಿಯೂ ನಮಗೆ ಸಿಕ್ಕಿಲ್ಲ. ಅವರೇನೂ ಸಾಮಾನ್ಯರಾಗಿರಲಿಲ್ಲ, ಹೆಸರಿಸಿ ಗೌರವಿಸುವಷ್ಟು ದೊಡ್ಡವರಾಗಿದ್ದರು. ಕೃತಿ ಉಳಿಯಲು ಅದು ಒಳ್ಳೆಯದಾಗಿದ್ದರೆ ಸಾಲುತ್ತಿರಲಿಲ್ಲ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಬಸದಿ ಮಠ ಮನೆಗಳಲ್ಲಿ ಪ್ರತಿಗಳು ಇರಬೇಕಾಗಿತ್ತು.

ಬೇರೆ ಬೇರೆ ಕಡೆ ಎಂಬುದೇ ಇಲ್ಲಿ ಮುಖ್ಯ. 1922ರ ಡಿಸೆಂಬರಿನಲ್ಲಿ ಹೆಮಿಂಗ್ವೆಯ ಹೆಂಡತಿ ಹ್ಯಾಡ್ಲಿ ಪ್ಯಾರಿಸ್ಸಿನಿಂದ ಲೊಸಾನ್‌ಗೆ ಹೊರಟಾಗ ಅವನ ಬರಹಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡಳು. ಗಾರ್ ದ ಲಿಯೋಂ ನಿಲ್ದಾಣದಲ್ಲಿ ಪೆಟ್ಟಿಗೆ ಕಳುವಾಯಿತು. ಹೆಮಿಂಗ್ವೆಗೆ ಕಾರ್ಬನ್ ಪ್ರತಿ ಇಡುವ ಅಭ್ಯಾಸವಿತ್ತು. ಆ ಕಾರ್ಬನ್ ಪ್ರತಿಗಳೂ ಅದೇ ಪೆಟ್ಟಿಗೆಯಲ್ಲಿದ್ದವು. ಲ್ಯಾಪ್‌ಟಾಪ್, ಫೋನು, ಮೇಲ್, ಡ್ರೈವ್ ಎಲ್ಲವನ್ನೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್, ಒಂದೇ ಮೊಬೈಲ್ ನಂಬರಿಗೆ ಕಟ್ಟಿಹಾಕಿ, ನಾಲ್ಕು ಕಡೆ ಪ್ರತಿ ಇದೆ ಎನ್ನುವವರು ಹೆಮಿಂಗ್ವೆಗಿಂತ ಹೆಚ್ಚು ಎಚ್ಚರದಲ್ಲಿಲ್ಲ.

ಆ ಖಾತೆ ಲೇಖಕರ ಜೊತೆಗೇ ಸಾಯುತ್ತದೆ ಎಂಬುದನ್ನು ನಮ್ಮ ಸಾಹಿತ್ಯವಲಯ ಇನ್ನೂ ಯೋಚಿಸಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿ ಅದೇ ಡಿಸೆಂಬರಿನಿಂದ ನಿಯಮ ಜಾರಿಗೆ ತಂದಿತು. ಲೇಖಕರು ತೀರಿಕೊಂಡ ಮನೆಯಲ್ಲಿ ಏನಾಗುತ್ತದೆ ನೋಡಿ. ಮೊದಲ ಕೆಲವು ತಿಂಗಳು ಯಾರಿಗೂ ಲ್ಯಾಪ್‌ಟಾಪ್ ಮುಟ್ಟುವ ಮನಸ್ಸಿರುವುದಿಲ್ಲ. ಅಷ್ಟರಲ್ಲಿ ಮೊಬೈಲಿಗೆ ರೀಚಾರ್ಜ್ ಮಾಡಿಸದೆ ಸಿಮ್ ಸತ್ತಿರುತ್ತದೆ. ವರ್ಷದ ನಂತರ ಸ್ಮರಣಸಂಪುಟಕ್ಕೆಂದು ಯಾರೋ ಅಪ್ರಕಟಿತ ಬರಹ ಕೇಳುತ್ತಾರೆ. ಮಗಳು ಲಾಗಿನ್ ಆಗಲು ಕೂತರೆ ಒಟಿಪಿ ಸತ್ತ ನಂಬರಿಗೆ ಹೋಗುತ್ತದೆ. ಕಾಗದದ ಕಾಲದಲ್ಲಿ ಟ್ರಂಕಿನ ಬೀಗ ಒಡೆದಾದರೂ ಹಸ್ತಪ್ರತಿ ತೆಗೆಯಬಹುದಾಗಿತ್ತು. ತಮ್ಮ ಖಾತೆ ನಿಷ್ಕ್ರಿಯವಾದರೆ ಯಾರಿಗೆ ಒಪ್ಪಿಸಬೇಕು ಎಂದು ಮೊದಲೇ ಹೆಸರಿಸಿಡುವ ಸೌಲಭ್ಯವನ್ನು ಗೂಗಲ್ ಕೊಟ್ಟಿದೆ. ಅದನ್ನು ತುಂಬಲು ಹತ್ತು ನಿಮಿಷ ಸಾಕು, ಮನೆಯವರಿಗೆ ಒಂದು ಮಾತು ಹೇಳಿಟ್ಟರೆ ಆಯಿತು.

ಹಿರಿಯ ಲೇಖಕರಲ್ಲಿ ಕೆಲವರು ಈಗಲೂ ದಿನದ ಬರವಣಿಗೆ ಮುಗಿದ ಮೇಲೆ ಫೈಲನ್ನು ತಮಗೆ ತಾವೇ ಮೇಲ್ ಮಾಡಿಕೊಳ್ಳುತ್ತಾರೆ. ಅದನ್ನು ಕಂಡು ಕಿರಿಯರು ನಗುತ್ತಾರೆ. ನಗಬೇಕಾದ್ದೇನೂ ಇಲ್ಲ. ಹಾಗೆ ಕಳಿಸಿದ ಪ್ರತಿಯೊಂದಕ್ಕೂ ತಾರೀಕು ಇದೆ. ನಿನ್ನೆಯದನ್ನು ಇಂದಿನದು ತಿದ್ದುವುದಿಲ್ಲ. ಮೂರನೆಯ ಅಧ್ಯಾಯ ಹಾಳಾದದ್ದು ವರ್ಷದ ನಂತರ ತಿಳಿದರೂ ಅಂದಿನ ಮೇಲ್ ಹುಡುಕಿ ತೆಗೆಯಬಹುದು. ಸಿಂಕ್‌ಗಿಂತ ಅದು ಎಷ್ಟೋ ಮೇಲು. ಅದಕ್ಕಿರುವ ಕೊರತೆ ಒಂದೇ: ಡ್ರೈವ್ ಇರುವ ಖಾತೆಯಲ್ಲೇ ಮೇಲ್ ಕೂಡ ಇರುವುದು. ಬೇರೆ ಕಂಪನಿಯ ಮೇಲ್ ಖಾತೆಗೋ ನಂಬಿಕಸ್ತ ಗೆಳೆಯರಿಗೋ ಕಳಿಸಿದರೆ ಆ ಕೊರತೆಯೂ ನೀಗುತ್ತದೆ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ 3-2-1 ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದರು. ಪ್ರತಿಗಳು ಮೂರು, ಎರಡು ಬಗೆಯ ಮಾಧ್ಯಮಗಳಲ್ಲಿ, ಒಂದಾದರೂ ಮನೆಯಿಂದ ಹೊರಗೆ. ಬರೆಯುವವರಿಗೆ ಇದು ಕಷ್ಟದ್ದೇನಲ್ಲ. ಯುನಿಕೋಡ್‌ನಲ್ಲಿ ಒಂದು ಕನ್ನಡ ಅಕ್ಷರಸಂಕೇತ ಸಾಮಾನ್ಯವಾಗಿ ಮೂರು ಬೈಟ್ ಹಿಡಿಯುತ್ತದೆ. ಮುನ್ನೂರು ಪುಟದ ಕಾದಂಬರಿಯ ಬರಿಯ ಪಠ್ಯ ಎರಡು ಮೂರು ಎಂ.ಬಿ. ದಾಟುವುದು ಅಪರೂಪ, ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಜೀವಮಾನದ ಬರಹವೆಲ್ಲ ಅತಿ ಅಗ್ಗದ ಪೆನ್‌ಡ್ರೈವ್‌ನ ಮೂಲೆಯಲ್ಲಿ ಹಿಡಿಸುತ್ತದೆ. ತಿಂಗಳಿಗೊಮ್ಮೆ ಇಡೀ ಫೋಲ್ಡರನ್ನು ಜಿಪ್ ಮಾಡಿ, ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಹೆಸರಿಟ್ಟು, ಹಳೆಯದರ ಮೇಲೆ ಬರೆಯದೆ ಹೊಸದಾಗಿ ಇಡುತ್ತ ಹೋಗಬಹುದು. ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಒಂದು, ನಕಲು ಮುಗಿದ ಕೂಡಲೇ ಕೇಬಲ್ ಕಿತ್ತಿಟ್ಟದ್ದು. ಅಣ್ಣನ ಮನೆಯಲ್ಲೋ ಸ್ನೇಹಿತರಲ್ಲೋ ಇನ್ನೊಂದು. ಕ್ಲೌಡ್ ಮೂರನೆಯದು, ಅದೂ ಬೇಕು. ಪೆನ್‌ಡ್ರೈವ್ ಒಂದನ್ನೇ ನೆಚ್ಚಬಾರದು, ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿದ್ದರೆ ಅದರ ನೆನಪು ಮಾಸಬಹುದು. ಕರಡು ಮುಗಿದಾಗ ಒಮ್ಮೆ ಕಾಗದದ ಮೇಲೆ ಮುದ್ರಿಸಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಹೊಸ ಲ್ಯಾಪ್‌ಟಾಪ್ ಬಂದ ದಿನವೇ ಹಳೆಯದನ್ನು ಫಾರ್ಮ್ಯಾಟ್ ಮಾಡಿ ಎಕ್ಸ್‌ಚೇಂಜಿಗೆ ಕೊಡುವುದಂತೂ ಕೂಡದು. ಹೊಸದರಲ್ಲಿ ಎರಡು ಮೂರು ತಿಂಗಳು ಬರೆದು, ಫಾಂಟು, ಟಿಪ್ಪಣಿ, ಡೆಸ್ಕ್‌ಟಾಪ್ ಮೇಲೆ ಚೆಲ್ಲಿದ್ದ ಬಿಡಿ ಫೈಲು ಎಲ್ಲ ಬಂದಿವೆಯೆಂದು ಖಾತ್ರಿಯಾದ ಮೇಲೆ ಆ ಮಾತು.

ಇಷ್ಟೆಲ್ಲ ಮಾಡಿಯೂ ಒಂದು ಕೆಲಸ ಬಿಟ್ಟರೆ ಎಲ್ಲ ವ್ಯರ್ಥ. ಬ್ಯಾಕಪ್ ತೆರೆದು ನೋಡಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ದತ್ತಾಂಶ ಅಳಿಸಿದರು. ಬ್ಯಾಕಪ್ಪಿನ ಹಲವು ಏರ್ಪಾಡುಗಳಿದ್ದವು. ಒಂದೊಂದಾಗಿ ನೋಡುತ್ತ ಹೋದರೆ ಯಾವುದೂ ನೆಟ್ಟಗಿರಲಿಲ್ಲ. ದಿನವೂ ಆಗಬೇಕಿದ್ದ ಬ್ಯಾಕಪ್ ಸದ್ದಿಲ್ಲದೆ ವಿಫಲವಾಗುತ್ತಿತ್ತು, ಆ ಬಗ್ಗೆ ಎಚ್ಚರಿಸಬೇಕಾದ ಮೇಲ್‌ಗಳು ತಲುಪುತ್ತಲೇ ಇರಲಿಲ್ಲ. ಯಾರೋ ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟ ಪ್ರತಿಯಿಂದ ಕಂಪನಿ ಚೇತರಿಸಿಕೊಂಡಿತು. 1998ರಲ್ಲಿ ಪಿಕ್ಸಾರ್‌ನಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಫೈಲುಗಳು ಒಂದು ತಪ್ಪು ಆಜ್ಞೆಯಿಂದ ಅಳಿದಾಗಲೂ ಬ್ಯಾಕಪ್ ಕೈಕೊಟ್ಟದ್ದು ಆಗಲೇ ಗೊತ್ತಾದದ್ದು. ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು, ಚಿತ್ರ ಉಳಿಯಿತು. ಪರಿಣತರ ಪಡೆಯೇ ಇರುವ ಕಡೆ ಹೀಗಾದರೆ, ವರ್ಷದಲ್ಲಿ ಎರಡು ಸಲವಾದರೂ ಜಿಪ್ ಫೈಲನ್ನು ಬೇರೊಬ್ಬರ ಕಂಪ್ಯೂಟರಿನಲ್ಲಿ ಬಿಚ್ಚಿ, ನಡುವಿನ ಒಂದು ಅಧ್ಯಾಯ ತೆರೆದು, ಒತ್ತಕ್ಷರ ಸರಿಯಿದೆಯೇ ಎಂದು ಓದಿ ನೋಡುವುದನ್ನು ಲೇಖಕರು ತಪ್ಪಿಸಬಾರದು. ಬೇರೊಬ್ಬರ ಕಂಪ್ಯೂಟರೇ ಆಗಬೇಕು, ತಮ್ಮದರಲ್ಲಿ ಫಾಂಟು ಇದ್ದೇ ಇರುತ್ತದೆ.

ಹೊಣೆ ಲೇಖಕರದು ಮಾತ್ರವಲ್ಲ. ಕನ್ನಡದ ಪ್ರಕಾಶನದಲ್ಲಿ ಪುಸ್ತಕದ ಕೊನೆಯ, ತಿದ್ದಿದ, ನಿಜವಾದ ಪಠ್ಯ ಲೇಖಕರ ಬಳಿ ಇರುವುದಿಲ್ಲ. ಕರಡು ತಿದ್ದಿದ್ದೆಲ್ಲ ಡಿಟಿಪಿ ಆಪರೇಟರ ಕಂಪ್ಯೂಟರಿನಲ್ಲಿ, ಹಲವು ಕಡೆ ಇನ್ನೂ ಪೇಜ್‌ಮೇಕರ್‌ನಲ್ಲಿ ಆಗುತ್ತದೆ. ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ಕನ್ನಡ ಗೊತ್ತಿಲ್ಲ. ಪುಸ್ತಕ ಅಚ್ಚಾದ ಮೇಲೆ ಲೇಖಕರಿಗೆ ಸಿಗುವುದು ಗೌರವಪ್ರತಿಗಳು, ಹೆಚ್ಚೆಂದರೆ ಒಂದು ಪಿಡಿಎಫ್. ಆ ಡಿಟಿಪಿ ಸೆಂಟರ್ ಬಾಗಿಲು ಹಾಕಿದರೆ ಎರಡನೆಯ ಮುದ್ರಣಕ್ಕೆ ಇಡೀ ಪುಸ್ತಕವನ್ನು ಮತ್ತೆ ಟೈಪ್ ಮಾಡಿಸಬೇಕು, ಮತ್ತೆ ಕರಡು ತಿದ್ದಬೇಕು, ಹೊಸ ತಪ್ಪುಗಳನ್ನು ಹೊಸದಾಗಿ ಹುಡುಕಬೇಕು. ಪುಸ್ತಕ ಅಚ್ಚಿಗೆ ಹೋದ ದಿನವೇ ಅಂತಿಮ ಪಠ್ಯದ ಯುನಿಕೋಡ್ ಪ್ರತಿಯನ್ನು ಲೇಖಕರಿಗೆ ಕೊಡತಕ್ಕದ್ದು ಎಂಬ ಒಂದು ಸಾಲನ್ನು ಕರಾರುಪತ್ರದಲ್ಲಿ ಸೇರಿಸಲು ಪ್ರಕಾಶಕರಿಗೆ ಖರ್ಚೇನೂ ಇಲ್ಲ. ಲೇಖಕರು ಅದನ್ನು ಕೇಳಬೇಕು, ಸಹಿ ಹಾಕುವ ಮೊದಲೇ ಕೇಳಬೇಕು. ಸಾರ್ವಜನಿಕ ಹಣದಲ್ಲಿ ಪುಸ್ತಕ ತರುವ ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಇದನ್ನು ಈ ವರ್ಷದ ಪಟ್ಟಿಯಿಂದಲೇ ಆರಂಭಿಸಬಹುದು.